ಮೂರನೇ ಕಂಪ್ಯೂಟರಿನ ಹುಡುಗಿ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮುಂದಿನ ವಾರ ಆರು ತಿಂಗಳ ಇಂಟರ್ನ್‌ಶಿಪ್ಪಿಗೆ ಹೊರಟಿರುವ ವಿದ್ಯಾರ್ಥಿಗಳೇ, ಅವರನ್ನು ಹರಸಲು ಬಂದಿರುವ ತಂದೆತಾಯಂದಿರೇ, ಮೊದಲ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ತಂಗಿಯೇ, ಮತ್ತು ಸಭಿಕರೇ,

ಈ ಊರಿನ ಇಪ್ಪತ್ತೆರಡು ಆರ್ಕಿಟೆಕ್ಟ್ ಕಚೇರಿಗಳ ಪರವಾಗಿ ಮಾತನಾಡಲು ನನ್ನನ್ನು ಕಳಿಸಿದ್ದಾರೆ. ಪ್ರಾಂಶುಪಾಲರು ನಮಗೆಲ್ಲ ಒಂದು ಒಪ್ಪಂದದ ಪತ್ರ ಕೊಟ್ಟಿದ್ದಾರೆ. ತರಬೇತಿಗೆ ಬಂದವರನ್ನು ವಾರಕ್ಕೆ ಎರಡು ದಿನ ಸೈಟಿಗೆ ಕರೆದೊಯ್ಯಬೇಕು, ಅವರು ಬರೆದ ನಕ್ಷೆಯ ಮೇಲೆ ಅವರ ಹೆಸರೂ ಇರಬೇಕು, ಇದು ಅದರ ಸಾರಾಂಶ. ಇದಕ್ಕೆ ಸಹಿ ಹಾಕಲು ಆಗುವುದಿಲ್ಲ ಎಂದು ನಯವಾಗಿ ಹೇಳಿ ಬರುವುದು ನನ್ನ ಕೆಲಸ. ನಯವಾಗಿ ಹೇಳುವುದಕ್ಕೆ ನಾಲ್ಕು ಪುಟ ಬೇಕಾಯಿತು. ಇಗೋ, ಇಲ್ಲಿದೆ.

ಮೊದಲ ಪುಟ. "ನಮ್ಮ ಕಚೇರಿಗಳಲ್ಲಿ ವಿದ್ಯಾರ್ಥಿಗಳನ್ನು ಮನೆಮಕ್ಕಳಂತೆ ನೋಡಿಕೊಳ್ಳುತ್ತೇವೆ." ಸುಳ್ಳಲ್ಲ ಸ್ವಾಮಿ. ಟೀ ಕೊಡುತ್ತೇವೆ, ಗದರುತ್ತೇವೆ, ಮನೆಮಕ್ಕಳ ಮಾತಿನಂತೆಯೇ ಅವರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಗಬೇಡಿ, ನಾನು ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ.

ಎರಡನೇ ಪುಟ. "ತರಬೇತಿಯವರು ಮಾಡುವ ತಪ್ಪುಗಳ ಭಾರವನ್ನು ಕೊನೆಗೆ ಹೊರುವವರು ನಾವೇ." ಉದಾಹರಣೆಗೆ ನನ್ನ ತಂಗಿಯ ಮನೆಯ ಮೆಟ್ಟಿಲನ್ನೇ ತೆಗೆದುಕೊಳ್ಳಿ. ಒಂಬತ್ತು ವರ್ಷದ ಹಿಂದೆ ನಾನೇ ಕಟ್ಟಿಸಿಕೊಟ್ಟ ಮನೆ. ಕೊನೆಯ ಮೆಟ್ಟಿಲು ಮಿಕ್ಕವಕ್ಕಿಂತ ಒಂದೂವರೆ ಇಂಚು ಹೆಚ್ಚು ಎತ್ತರ. ಮಹಡಿಯ ನೆಲಕ್ಕೆ ಆಮೇಲೆ ಕಲ್ಲು ಹಾಸುತ್ತೇವಲ್ಲ, ಅದರ ದಪ್ಪವನ್ನು ನಕ್ಷೆಯಲ್ಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಆ ಮನೆಯಲ್ಲಿ ಯಾರು ಮೇಲೆ ಹತ್ತಿದರೂ ಉಳಿದವರು "ಕಾಲೆತ್ತು!" ಎಂದು ಕೂಗುತ್ತಾರೆ. ಒಂದು ದಿನ ಕೂಗುವವರು ಯಾರೂ ಇರಲಿಲ್ಲ. ತಂಗಿ ಎಡವಿ ಬಿದ್ದು ಬಲಗೈ ಮುರಿದುಕೊಂಡಳು. ಅವಳು ಹೊಲಿಗೆ ಕೆಲಸದವಳು. ಈಗಲೂ ಕತ್ತರಿ ಹಿಡಿದರೆ ಆ ಕೈ ನೋಯುತ್ತದೆ.

ಆಸ್ಪತ್ರೆಯಲ್ಲಿ ನಾನು ಹೇಳಿದೆ, "ಟ್ರೈನಿಂಗಿಗೆ ಬಂದಿದ್ದ ಹುಡುಗಿ ಮಾಡಿದ ಎಡವಟ್ಟು ಕಣೇ."

"ಅವಳನ್ನ ಕರೆಸಿ ಮೆಟ್ಟಿಲು ತೋರಿಸಿದ್ಯಾ?"

"ಎಲ್ಲಿ! ಅವಳ ಆರು ತಿಂಗಳು ಮುಗಿದು ಹೋದ್ಮೇಲೆ ಮೆಟ್ಟಿಲು ಕಟ್ಟಿದ್ದು."

"ಅಂದ್ರೆ ತಪ್ಪಾಗಿದೆ ಅಂತ್ಲೇ ಅವಳಿಗೆ ಗೊತ್ತಿಲ್ಲ. ಅಯ್ಯೋ ಅಣ್ಣಾ, ಹಾಗಾದ್ರೆ ಇನ್ನೆಷ್ಟು ಮನೆಗೆ ಹೀಗೇ ಮೆಟ್ಟಿಲು ಬರೆದಿದ್ದಾಳೋ!"

ನಾನು ಮಾತು ಬದಲಿಸಿ, ಡಾಕ್ಟರು ಎಲ್ಲಿ ಎಂದು ಕೇಳಿದೆ.

ಇದು ಪುಟದಲ್ಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಇಷ್ಟು ಹೇಳಿದವನು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಆ ಹುಡುಗಿ ನನ್ನ ಮೇಜಿನ ಹತ್ತಿರ ಮೂರು ಸಲ ಬಂದಿದ್ದಳು. "ಸರ್, ಒಂದ್ಸಲ ಸೈಟ್ ನೋಡ್ಕೊಂಡು ಬರ್ಲಾ? ಕಲ್ಲು ಎಲ್ಲಿ ಬಂದು ಕೂರುತ್ತೆ ಅಂತ ಅರ್ಥ ಆಗ್ತಿಲ್ಲ." ಮೂರು ಸಲವೂ ನಾನು ತಲೆಯೆತ್ತದೆ, "ಕೊಟ್ಟಿದ್ದು ಬರಿಯಮ್ಮ, ಆಮೇಲೆ ನೋಡೋಣ" ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಕೇಳಿದವಳು ಅವಳು. ನೋಡದೆ ಸಹಿ ಹಾಕಿದವನು ಯಾರು? ನಕ್ಷೆಯ ಮೂಲೆಯಲ್ಲಿ ಯಾರ ಹೆಸರಿತ್ತು? ಕೈ ಮುರಿದ ದಿನ ನಾನು ಯಾರ ಕಡೆ ಬೆರಳು ತೋರಿಸಿದೆ?

ಅವಳ ಹೆಸರೂ ನನಗೆ ಗೊತ್ತಿಲ್ಲ. ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ತರಬೇತಿಯವರನ್ನು ಅವರು ಕೂರುವ ಜಾಗದಿಂದ ಕರೆಯುವುದು ನಮ್ಮ ಕಚೇರಿಯ ರೂಢಿ. "ಮೂರನೇ ಕಂಪ್ಯೂಟರ್, ಬಾಮ್ಮ ಇಲ್ಲಿ" ಅಂದರೆ ಎದ್ದು ಬರುತ್ತಿದ್ದಳು. ಅವಳ ಪ್ರಮಾಣಪತ್ರಕ್ಕೂ ಓದದೆಯೇ ಸಹಿ ಹಾಕಿದ್ದೆ. ನಿಮ್ಮೆದುರು ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತಿದೆ.

ಉಳಿದ ಎರಡು ಪುಟ ಓದುವುದಿಲ್ಲ. ನನ್ನನ್ನು ಕಳಿಸಿದವರು ಸಿಟ್ಟಾಗಲಿ, ಅವರಿಗೆ ನಾಳೆ ಉತ್ತರ ಕೊಡುತ್ತೇನೆ. ಪ್ರಾಂಶುಪಾಲರೇ, ನಿಮ್ಮ ಪತ್ರ ಕೊಡಿ, ನನ್ನ ಕಚೇರಿಯ ಮಟ್ಟಿಗೆ ಸಹಿ ಹಾಕುತ್ತೇನೆ. ಜೇಬಿನಲ್ಲಿ ಪೆನ್ನಿಲ್ಲ, ಸಹಿ ಹಾಕದೆ ಹೋಗಲು ಬಂದವನು ನೋಡಿ. ನಿನ್ನ ಚೀಲದಲ್ಲಿದ್ರೆ ಕೊಡೇ, ತಂಗಿ.

ಆಯಿತು. ಈ ಸಲ ಓದಿಯೇ ಹಾಕಿದ್ದೇನೆ. ಕೆಳಗೆ ಒಂದು ಸಾಲು ನಾನೇ ಸೇರಿಸಿದ್ದೇನೆ: ಕಟ್ಟಡ ಮುಗಿದ ಮೇಲೆ, ಎಷ್ಟೇ ತಡವಾಗಿರಲಿ, ನಕ್ಷೆ ಬರೆದ ವಿದ್ಯಾರ್ಥಿಯನ್ನು ಕರೆಸಿ ಅದರ ಮೆಟ್ಟಿಲು ಹತ್ತಿಸಿ ಇಳಿಸಬೇಕು.

ಬದಲಿಗೆ ನೀವು ನನಗೊಂದು ಉಪಕಾರ ಮಾಡಬೇಕು. ಅವಳು ಇದೇ ಕಾಲೇಜಿನವಳು. ಒಂಬತ್ತು ವರ್ಷದ ಹಿಂದಿನ ಕಡತದಲ್ಲಿ ಅವಳ ಹೆಸರು ಹುಡುಕಿಕೊಡಿ. ಆ ಮೆಟ್ಟಿಲನ್ನು ಒಡೆಸಿ ಸರಿಮಾಡಿಸುತ್ತೇನೆ ಎಂದರೆ ತಂಗಿ ಇವತ್ತಿಗೂ ಬಿಡುತ್ತಿಲ್ಲ. "ಮೊದಲು ಆ ಹುಡುಗಿ ಬಂದು ನೋಡ್ಲಿ, ಆಮೇಲೆ ಒಡೆಸು" ಅನ್ನುತ್ತಾಳೆ.

ತಾಳ್ಮೆಯಿಂದ ಕೇಳಿದ ನಿಮಗೂ ಪೆನ್ನು ಕೊಟ್ಟ ತಂಗಿಗೂ ನನ್ನ ಧನ್ಯವಾದ. ಮೂರು ಸಲ ಕೇಳಿದ ಆ ಹುಡುಗಿಗೆ ಹೇಳಬೇಕಾದದ್ದನ್ನು ಅವಳ ಹೆಸರು ಹಿಡಿದು ಕರೆದೇ ಹೇಳುತ್ತೇನೆ. ನಮಸ್ಕಾರ.