ಸೂರ್ಯ ನೀರಿನಿಂದಲೇ ಎದ್ದ

“ಹ್ವಾಯ್ ಸ್ವಾಮಿ, ನೀರ್ ನೀರೇ ಅಲ್ದಾ? ಕಡಲ್ ಬೇರೆ, ಮಹಾಸಾಗರ ಬೇರೆ ಅಂಬುದ್ ಎಂತಕ್ಕೆ?”

ಭಜನಾ ಮಂದಿರದ ಮುಂದಿನ ಸಾಲಿನಲ್ಲಿ ಕೂತಿದ್ದ ದುರ್ಗ ಖಾರ್ವಿಯ ಪ್ರಶ್ನೆ. ಪಕ್ಕದಲ್ಲಿದ್ದ ಹೆಂಡತಿ ಮುತ್ತು, “ಅವ್ರ್ ಹೇಳ್ಲಿ, ಕೂಕಣಿ” ಎಂದು ಅಂಗಿ ಎಳೆದಳು. “ನೀ ಬಾಯ್ ಮುಚ್ಕಂಡ್ ಕೂಕೊ” ಎಂದ ದುರ್ಗ. ಜನ ನಕ್ಕರು. ಪ್ರವಚನಕಾರರು ನಗಲಿಲ್ಲ. ಹೇಳತೊಡಗಿದರು.

ನೋಡಿ, ಕಡಲಿಗೆ ದಡದ ಆಸರೆ ಇದೆ. ಒಂದಲ್ಲ ಒಂದು ಕಡೆ ನೆಲ ಅದನ್ನು ತಬ್ಬಿ ಹಿಡಿದಿರುತ್ತದೆ. ಮಹಾಸಾಗರವನ್ನು ತಬ್ಬಿದವರು ಯಾರು? ಯಾರೂ ಇಲ್ಲ. ಇದು ಗೊತ್ತಿಲ್ಲದ ಒಬ್ಬ ಸಾಹುಕಾರ ನಿಮ್ಮೂರಿನಂಥದೇ ಒಂದೂರಿನಲ್ಲಿದ್ದ. ದೊಡ್ಡ ಬೋಟು, ಅದಕ್ಕಿಂತ ದೊಡ್ಡ ಬಾಯಿ. ದಾರಿ ತಪ್ಪಿದರೆ ಸೂರ್ಯ ಹುಟ್ಟುವ ದಿಕ್ಕಿಗೆ ತಿರುಗಿಸು, ಊರು ಬಂದೇ ಬರುತ್ತದೆ ಎಂದು ಅಪ್ಪ ಕಲಿಸಿದ್ದ. ಸುಳ್ಳೇ? ಅಲ್ಲ. ನಮ್ಮ ಕಡಲಿನ ಮೂಡಣಕ್ಕೆ ಉದ್ದಕ್ಕೂ ನೆಲವೇ. ಎಷ್ಟು ಸಲ ತಪ್ಪಿದರೂ ಕ್ಷಮಿಸುವ ಕಡಲು ಅದು.

ಆಳುಗಳಿಗೆ ಪಾಲು ಯಾಕೆ ಎಂದು ತಮ್ಮನೊಬ್ಬನನ್ನೇ ಕರೆದುಕೊಂಡು, ಮೀನಿನ ಆಸೆಗೆ ತೆಂಕಣಕ್ಕೆ, ಬಹಳ ತೆಂಕಣಕ್ಕೆ ಹೋದ. ಬಿರುಗಾಳಿ ಎದ್ದಿತು. ದಿಕ್ಕು ತೋರುವ ಯಂತ್ರ, ಫೋನು ಎಲ್ಲ ನೀರುಪಾಲು. ಗಾಳಿ ನಿಂತಾಗ ಬೋಟು ನಾಡಿನ ತುದಿ ದಾಟಿ, ಲಂಕೆಯ ತುದಿಯನ್ನೂ ದಾಟಿ ಕೆಳಗಿಳಿದಿತ್ತು. ಅಲ್ಲಿಂದ ಮೂಡಣಕ್ಕೆ ಬರೀ ಮಹಾಸಾಗರ.

“ಅಣ್ಣ, ಗಾಳಿ ನಮ್ಮನ್ ತೆಂಕ್ ಬದಿಗೇ ನೂಕಿತ್. ಬಡ್ಗ್ ಬದಿಗ್ ಹ್ವಾಪ” ಎಂದ ತಮ್ಮ, ಉತ್ತರಕ್ಕೆ ಕೈ ತೋರಿಸಿ.

“ಅಪ್ಪಯ್ಯ ಮೂಡಿಗ್ ಹೋಯಿ ಬದ್ಕಿದ್ರ್, ಅಜ್ಜಯ್ಯ ಮೂಡಿಗ್ ಹೋಯಿ ಬದ್ಕಿದ್ರ್. ನೀ ಅವ್ರಿಗಿಂತ ದೊಡ್ಡ್ ಜನವಾ? ಬಾಯ್ ಮುಚ್ಚ್!”

ತಮ್ಮ ಬಾಯಿ ಮುಚ್ಚಿದ.

ದಡ ಹತ್ತಿರವಾದಂತೆ ಸೂರ್ಯ ಗುಡ್ಡದ ಬೆನ್ನಿನಿಂದ ಏಳಬೇಕು. ಮರುದಿನ ಅವನು ನೀರಿನಿಂದಲೇ ಎದ್ದ. ಅದರ ಮರುದಿನವೂ ನೀರಿನಿಂದಲೇ. ದಾರಿ ತಪ್ಪಿದ್ದು ಸಾಹುಕಾರನಿಗೂ ತಿಳಿಯಿತು. ಆದರೆ ಈಗ ತಿರುಗಿಸಿದರೆ ತಮ್ಮ ಹೇಳಿದ್ದೇ ಸರಿ ಅಂತಾಗುತ್ತದಲ್ಲ! ಮೂಡಕ್ಕೇ ಓಡಿಸಿದ. ಡೀಸೆಲ್ ಮುಗಿಯಿತು. ಕುಡಿಯುವ ನೀರು ಮುಗಿಯಿತು. ಆಮೇಲೆ ಕೇಳಿದ, “ತಮ್ಮಾ, ಬಡ್ಗಿಗೇ ಹ್ವಾಪನಾ?” ಉತ್ತರ ಕೊಡಲು ತಮ್ಮ ಇರಲಿಲ್ಲ. ಯಾವುದೋ ಹಡಗಿನವರು ಬಂದು ಎತ್ತಿದಾಗ ತಮ್ಮನ ಹೆಣದ ತಲೆ ಅಣ್ಣನ ತೊಡೆಯ ಮೇಲಿತ್ತು.

ನಿಮ್ಮ ಮನೆಯೂ ಕಡಲೇ. ರೇಗಿದರೂ ಅನ್ನ ಬಡಿಸುತ್ತಾರೆ, ಬೈದರೂ ಬಾಗಿಲು ತೆರೆಯುತ್ತಾರೆ. ಆ ದಡವನ್ನು ನಂಬಿಯೇ ನಮಗೆ ಇಷ್ಟು ಸೊಕ್ಕು. ದಡ ಮುಗಿದದ್ದು ತಿಳಿಯುವುದು ಹೇಗೆ? ನೀರಿನ ಮೇಲೆ ಯಾರಾದರೂ ಗೆರೆ ಎಳೆದಿರುತ್ತಾರೆಯೇ? ಇವತ್ತಿನಿಂದ, ನಿಮ್ಮವರು ‘ಹೀಗೆ ಬೇಡ’ ಅಂದಾಗ ಬಾಯಿ ಮುಚ್ಚಿಸಬೇಡಿ. ನಿಲ್ಲಿ, ಕೇಳಿ. ತಪ್ಪಿದ್ದರೆ ಡೀಸೆಲ್ ಇರುವಾಗಲೇ ತಿರುಗಿ.

“ಆ ತಮ್ಮ ಇನ್ನೊಂದ್ ಸಲ ಹೇಳೂಕಾಗ್ತಿರ್ಲಿಲ್ಯಾ, ಸ್ವಾಮಿ?” ದುರ್ಗನ ಸ್ವರ ಸಣ್ಣದಾಗಿತ್ತು.

“ನಿನ್ನ ಹೆಂಡತಿ ಆಗಿನಿಂದ ಇನ್ನೊಂದು ಮಾತು ಆಡಿದಳೇನಪ್ಪ?”

ದುರ್ಗ ಪಕ್ಕಕ್ಕೆ ತಿರುಗಿದ. ಮತ್ತೆ ಗದರುತ್ತಾನೆಂದು ಮುತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಂದು ಗೇಣು ಹಿಂದಕ್ಕೆ ಸರಿದಳು.