ದಾಟುಗಲ್ಲಿನ ಆಚೆಯಿಂದ ಬಂದವರು

ನನ್ನ ಬಾಯಿಂದ ನಿಜ ಬಂದಿದ್ದು ಕಮ್ಮಿ. ಎಂಟನೇ ಕ್ಲಾಸಿನ ಬೆಂಚನ್ನ ಎರಡು ವರ್ಷ ಸವೆಸಿ ಎದ್ದು ಬಂದವನು ನಾನು. ಬೀದಿಯವರಿಗೆಲ್ಲ ನಾನು 'ತರಲೆ'. ಕರೆಂಟು ಹೋದರೂ ಮೊದಲು ನನ್ನನ್ನೇ ಬೈತಾರೆ, ಆಮೇಲೆ ಮೇಣದಬತ್ತಿ ಹುಡುಕ್ತಾರೆ.

ಆದರೆ ಈಗ ನಿಮಗೆ ಹೇಳೋದು ನನಗಾಗಿದ್ದಲ್ಲ, ನನ್ನ ಭಾವನಿಗೆ ಆಗಿದ್ದು. ಅಕ್ಕನ ಗಂಡ. ಸುಳ್ಳು ಹೇಳೋಕೇ ಬರದ ಮನುಷ್ಯ. ಇಸ್ಪೀಟಿನಲ್ಲಿ ಒಳ್ಳೆ ಎಲೆ ಬಿದ್ದರೆ ಅಲ್ಲೇ ನಕ್ಕು ಸೋಲ್ತಿದ್ದರು, ಅಂಥವರು.

ದೀಪ ಆರಿಸೋದು ಬೇಡ. ಸಣ್ಣ ಮಾಡಿ, ಸಾಕು.

ಭಾವನಿಗೆ ಹೊಳೆಯಾಚೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸ. ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಯುತ್ತೆ. ಫ್ಯಾಕ್ಟರಿ ಗೋಡೆ ಪಕ್ಕ ನಡೆದು, ಹಾಳುಬಾವಿ ದಾಟಿ, ದಡ ಇಳಿದರೆ ಹೊಳೆ. ಹೊಳೆಗೆ ಸೇತುವೆ ಇರಲಿಲ್ಲ. ಹತ್ತೊಂಬತ್ತು ದಾಟುಗಲ್ಲು, ಅಷ್ಟೇ. ಅದು ಬೇಡ ಅಂದರೆ ರಸ್ತೆ ಸುತ್ತಿಕೊಂಡು ಹದಿನೈದು ಕಿಲೋಮೀಟರ್.

ಇದು ಶುರುವಾದ ರಾತ್ರಿಗೆ ಅಕ್ಕ ಹೋಗಿ ಎರಡು ತಿಂಗಳು.

ಬಾವಿ ಹತ್ತಿರ ಬಂದಾಗ ಒಳಗೆ ಕಪ್ಪೆ ಹಾರಿತಂತೆ... ಬುಳುಕ್. ಭಾವ ಹೆದರಲಿಲ್ಲ. ಕಪ್ಪೆಗೆಲ್ಲ ಹೆದರೋ ವಯಸ್ಸಾ? ಹೊಳೆಗಿಳಿದರು. ಐದನೇ ಕಲ್ಲು ಯಾವಾಗಲೂ ಅಲ್ಲಾಡುತ್ತೆ... ಗಟಕ್. ಉಳಿದದ್ದೆಲ್ಲ ಗಟ್ಟಿ. ಸುಳುಸುಳು ಅಂತ ನೀರು. ಈಚೆ ದಡಕ್ಕೆ ಕಾಲಿಟ್ಟರು.

ಟಿಕ್.

ಭಾವ ನಿಂತರು.

...ಟಿಕ್.

ಜೀರುಂಡೆ ಅಲ್ಲ. ಕಡ್ಡಿ ಮುರಿದದ್ದೂ ಅಲ್ಲ. ಬಾಲ್ ಪೆನ್ನಿನ ಗುಂಡಿ ಒತ್ತಿದರೆ ಬರುತ್ತಲ್ಲ, ಆ ಥರ, ಆದರೆ ಅದಕ್ಕಿಂತ ದಪ್ಪ. ಒಳಗೆ ಸ್ಪ್ರಿಂಗು, ಹೊರಗೆ ಉಕ್ಕು. ಆ ಸದ್ದು ಯಾವುದು ಅಂತ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಒಂದು ಟಿಕ್ ಅಂದರೆ ಒಬ್ಬರು ದಾಟಿದರು ಅಂತ.

ಭಾವ ದಾಟಿದ್ದು ಒಬ್ಬರೇ.

ಈ ಸದ್ದಿನ ಕತೆ ಹೇಳದೆ ಮುಂದೆ ಹೋಗೋಕಾಗಲ್ಲ. ಅದರಲ್ಲಿ ನಾನಿದ್ದೀನಿ.

ಅದರ ಹಿಂದಿನ ಬೇಸಿಗೆಯಲ್ಲಿ ಹೊರದೇಶದಿಂದ ಒಬ್ಬಳು ಹುಡುಗಿ ಬಂದಿದ್ದಳು. ಇನ್ನೂ ಕಾಲೇಜಲ್ಲಿ ಓದೋಳು. ಅವಳ ಕಾಲೇಜಿನವರು ಬೇರೆ ದೇಶಗಳಲ್ಲಿ ರಸ್ತೆ, ಸೇತುವೆ, ನೀರಿನ ಕೆಲಸ ನಡೆಯೋ ಕಡೆ ಹುಡುಗರನ್ನ ಎರಡು ತಿಂಗಳು ಕಳಿಸ್ತಾರಂತೆ. ಇಂಟರ್ನ್‌ಶಿಪ್ಪು. ಸಂಬಳ ಇಲ್ಲ, ಕೊನೆಗೆ ದಪ್ಪ ರಿಪೋರ್ಟ್ ಬರೀಬೇಕು. ಸಂಬಳವಿಲ್ಲದ ಕೆಲಸಕ್ಕೆ ವಿಮಾನ ಹತ್ತಿ ಬರೋರನ್ನ ನಾನು ಅವತ್ತೇ ಮೊದಲು ನೋಡಿದ್ದು. ನಾನಾಗಿದ್ದರೆ ಸಂಬಳ ಕೊಟ್ಟರೂ ಮೂಲೆ ಅಂಗಡಿ ದಾಟುತ್ತಿರಲಿಲ್ಲ.

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಅವಳನ್ನ ಇಳಿಸಿದ್ದರು. ಅವಳ ಕೆಲಸ ಒಂದೇ. ದಡದ ಮರದ ಕೆಳಗೆ ಕೂತು ಹೊಳೆ ದಾಟೋರನ್ನ ಎಣಿಸೋದು. ಅಂಗೈಯಲ್ಲಿ ಹಿಡಿಸೋ ಅಷ್ಟು ಸಣ್ಣ, ದುಂಡಗಿನ ಉಕ್ಕಿನ ಯಂತ್ರ. ಒಬ್ಬರು ದಾಟಿದರೆ ಒಂದು ಸಲ ಒತ್ತು, ಟಿಕ್, ಅಂಕಿ ಒಂದು ಏರುತ್ತೆ. ಪಕ್ಕದ ತಿರುಪು ತಿರುಗಿಸಿದರೆ ಕಿರ್‍ರ್ ಅಂತ ಎಲ್ಲ ಸೊನ್ನೆಗೆ ಬರುತ್ತೆ. ಏಳು ದಿನದ ಎಣಿಕೆ ನೋಡಿ ಅವಳನ್ನ ಕರೆಸಿದ ಆಫೀಸಿನವರು ತೂಗುಸೇತುವೆ ಹಾಕೋದಾ ಬೇಡವಾ ಅಂತ ಹೇಳ್ತಾರೆ.

ನಾವು ಅವಳಿಗೆ 'ಟಿಕ್ ಮಿಸ್ಸು' ಅಂತ ಹೆಸರಿಟ್ಟೆವು.

ಅಕ್ಕನಿಗೆ ಅವಳು ಅಂದರೆ ಪ್ರಾಣ. ಅಕ್ಕ ಹೊಳೆಯಾಚೆ ಬಟ್ಟೆ ಹೊಲಿಯೋ ಕಾರ್ಖಾನೆಯಲ್ಲಿ ಕಾಲರ್ ಕೂರಿಸ್ತಿದ್ದಳು, ದಿನಕ್ಕೆರಡು ಸಲ ಕಲ್ಲು ದಾಟಬೇಕು. ದಾಟುವಾಗ ಮಿಸ್ಸಿಗೆ ಕೂಗೋಳು, "ಒತ್ತಿದ್ರಾ? ನಾನು ಸಣ್ಣಗಿದ್ದೀನಿ ಅಂತ ಬಿಟ್ಟುಬಿಡಬೇಡಿ!"

ಮಿಸ್ಸು ಪುಸ್ತಕದ ಕನ್ನಡದಲ್ಲಿ ಹೇಳೋಳು, "ನೀವು ಒಬ್ಬರು. ನಾನು ಒಂದು ಸಲ ಒತ್ತಿದೆನು."

"ಒತ್ತಿದೆನು ಅಂತೆ! ನಾಟಕದ ರಾಜನ ಥರ," ಅಂತ ಅಕ್ಕ ನಕ್ಕು ನಕ್ಕು ಕಲ್ಲಿಂದ ಜಾರೋ ಹಾಗೆ ಆಡೋಳು.

ಮೊದಲ ದಿನ ನೂರಾ ಮೂವತ್ತು. "ಬರೀ ನೂರಾ ಮೂವತ್ತಾ?" ಅಂದಳು ಅಕ್ಕ. ಅವಳ ಮುಖ ಬಾಡಿತು. ನಾನು ಎಷ್ಟು ಬೇಕು ಅಂತ ಯಾರನ್ನೂ ಕೇಳಲಿಲ್ಲ. ಕೇಳೋದು ಬುದ್ಧಿವಂತರ ಕೆಲಸ. ನನಗೆ ಹೊಳೆದದ್ದು ಒಂದೇ. ಅಂಕಿ ಜಾಸ್ತಿಯಾದರೆ ಸೇತುವೆ ಬರುತ್ತೆ, ಇನ್ನೂ ಜಾಸ್ತಿಯಾದರೆ ಅಗಲದ ಸೇತುವೆ ಬರುತ್ತೆ.

ನನ್ನ ದೋಸ್ತ್‌ಗಳು ಕುಳ್ಳ, ಡುಮ್ಮ, ಜೊತೆಗೆ ನಾನು. ದಾಟೋದು, ಕೆಳಗೆ ಮಂಡಿಯುದ್ದದ ನೀರಲ್ಲಿ ಕದ್ದು ವಾಪಸ್ ಬರೋದು, ಪೊದೆ ಹಿಂದೆ ಅಂಗಿ ಬದಲಿಸಿ ಮತ್ತೆ ದಾಟೋದು. ಕುಳ್ಳ ಅವನಜ್ಜಿಯ ಶಾಲು ಹೊದ್ದು ಕೋಲೂರಿಕೊಂಡು ಕೆಮ್ಮುತ್ತಾ ದಾಟಿದ. ಡುಮ್ಮ ಒಂದು ಆಡು ಹೊತ್ತುಕೊಂಡು ದಾಟಿದ. ಅದೇ ಆಡನ್ನ ಆಮೇಲೆ ನಾನು ಹೊತ್ತೆ. ಆಮೇಲೆ ಕುಳ್ಳ, ಈ ಸಲ ಮೀಸೆ ಬರ್ಕೊಂಡು. ಮೂರು ದಿನ ಹೀಗೇ. ಮೂರನೇ ಸಂಜೆ ಆಡಿಗೇ ಬೇಜಾರಾಗಿ ಏಳನೇ ಕಲ್ಲಿನ ಮೇಲೆ ಕೂತುಬಿಟ್ಟಿತು. ಎಳೆದರೂ ಏಳಲ್ಲ.

ಟಿಕ್ ಮಿಸ್ಸು ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಈ ಆಡಿಗೆ ಎಷ್ಟು ಜನ ಮಾಲೀಕರು?"

ನಾವು ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರೋವರೆಗೆ.

ರಾತ್ರಿ ಅದೇ ಕಣ್ಣಲ್ಲಿ ಬೇರೆ ನೀರು. ಅಕ್ಕ ಅವಳ ಪಕ್ಕ ಕೂತು ಬೆನ್ನು ಸವರ್ತಿದ್ದಳು. "ಹುಡುಗ್ರು ಕಣಮ್ಮ, ಬರೀಬೇಡ ಬಿಡು."

"ಮೂರು ದಿನ ಕೆಟ್ಟಿತು ಅಕ್ಕ. ಬರೆಯಲೇಬೇಕು. ಸುಳ್ಳು ಎಣಿಕೆ ಕೊಟ್ಟರೆ, ನನ್ನ ಹಿಂದೆ ಇನ್ನು ಯಾರನ್ನೂ ಕಳಿಸುವುದಿಲ್ಲ."

ಅವಳು ಬರೆದಳು. ಮತ್ತೆ ಏಳು ದಿನ ಎಣಿಸೋಕೆ ಅವಳಿಗೆ ಸಮಯ ಇರಲಿಲ್ಲ, ಟಿಕೆಟ್ಟು ಆಗಿತ್ತು. ಆಫೀಸಿನವರು ಮುಂದಿನ ವರ್ಷ ನೋಡೋಣ ಅಂದರು. ಹೊರಡುವಾಗ ನನ್ನ ತಲೆಗೊಂದು ಮೊಟಕಿ, ಬೇಜಾರಿಲ್ಲದೆ ಹೇಳಿದಳು, "ತರಲೆ, ದಿನಕ್ಕೆ ನೂರು ಸಾಕಿತ್ತು."

ನೂರು ಸಾಕಿತ್ತು. ನಮ್ಮದು ನೂರಾ ಮೂವತ್ತಿತ್ತು.

ಆ ಯಂತ್ರವನ್ನ ಅಕ್ಕನ ಕೈಗೆ ಕೊಟ್ಟು ಹೋದಳು. ಅಕ್ಕ ಅದನ್ನ ಬಿಡ್ತಿರಲಿಲ್ಲ, ಕೆಲಸಕ್ಕೂ ಚೀಲದಲ್ಲಿ ಹಾಕ್ಕೊಂಡು ಹೋಗೋಳು. ಭಾವ ಬಾಗಿಲಿಗೆ ಬಂದರೆ ಟಿಕ್, "ಒಬ್ಬರು ಬಂದರು." ಹಿಂದೆಯೇ ಬೆಕ್ಕು ಬಂದರೆ ಟಿಕ್. "ರೀ, ನೀವು ಬೆಕ್ಕು ಸೇರಿ ಇಬ್ಬರು." ಭಾವ ಮುಖ ಗಂಟಿಕ್ಕೋ ಹಾಗೆ ಮಾಡೋರು. ಆಗ್ತಿರಲಿಲ್ಲ, ನಗು ಬಂದುಬಿಡೋದು.

ಮಳೆಗಾಲದಲ್ಲಿ ಒಂದು ಸಂಜೆ ಕಾರ್ಖಾನೆಯವರು ಒಂದು ಗಂಟೆ ಜಾಸ್ತಿ ಕೂರಿಸಿಕೊಂಡರು. ಅಷ್ಟರಲ್ಲಿ ನೀರು ಏರಿತ್ತು. ಜೊತೆಯವರು ರಸ್ತೆ ಸುತ್ತಿ ಹೋಗೋಣ ಅಂದರಂತೆ. "ಕಲ್ಲು ಕಾಣ್ತಾವಲ್ಲ, ಮನೇಲಿ ಅವರು ಕಾಯ್ತಾರೆ," ಅಂದಳಂತೆ ಅಕ್ಕ. ಅವತ್ತು ಭಾವನಿಗೆ ರಜೆ.

ಮಾರನೇ ದಿನ ಎರಡು ತಿರುವು ಕೆಳಗೆ ಸಿಕ್ಕಳು. ಚೀಲ ಸಿಕ್ಕಿತು. ಯಂತ್ರ ಸಿಗಲಿಲ್ಲ.

ಈಗ ಗೊತ್ತಾಯ್ತಲ್ಲ, ಎರಡು ಟಿಕ್ ಕೇಳಿದ ರಾತ್ರಿ ಭಾವ ಯಾಕೆ ಓಡಲಿಲ್ಲ ಅಂತ. ಓಡಲಿಲ್ಲ. ಮತ್ತೆ ಆಚೆ ದಡಕ್ಕೆ ಹೋದರು. ಹೋಗುವಾಗ ಏನೂ ಇಲ್ಲ. ತಿರುಗಿ ಬಂದರು... ಟಿಕ್. ...ಟಿಕ್.

ಒಂದು ಅವರಿಗೆ. ಇನ್ನೊಂದು ಅವರ ಹಿಂದೆ ಬಂದವರಿಗೆ.

ಅವತ್ತಿಂದ ಅದೇ ಕೆಲಸ. ಪಾಳಿ ಮುಗಿಸಿ ಆಚೆ ಈಚೆ, ಆಚೆ ಈಚೆ, ಬೆಳಗಿನ ಜಾವದವರೆಗೆ. ಒಂದು ಸಲವೂ ಹಿಂದೆ ತಿರುಗಿಲ್ಲ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಕಣ್ಣು ಗುಳಿ. ಒಂದು ತಿಂಗಳು ಕಳೆದು ಹಿಂಗಾರಿನ ಮಳೆ ಹಿಡೀತು, ನೀರು ಮತ್ತೆ ಏರತೊಡಗಿತು. ಅಮ್ಮ ನನ್ನ ಕೈ ಹಿಡ್ಕೊಂಡಳು. "ಲೋ, ಮಗಳಂತೂ ಹೋದಳು. ಅಳಿಯನೂ ಅದೇ ಹೊಳೆಗೆ ಹೋಗ್ತಾರೆ ಕಣೋ. ಹೆಂಗಾದರೂ ಮಾಡಿ ಕರ್ಕೊಂಡು ಬಾ. ನಿನ್ನ ಮಾತಿಗಾದರೂ ನಗ್ತಾರೆ."

ನಾನು ಬೆಳಕಿರುವಾಗಲೇ ದಾಟಿ ಹೋಗಿ ಐಸ್ ಫ್ಯಾಕ್ಟರಿ ಗೇಟಿನಲ್ಲಿ ಕಾದೆ. ಹನ್ನೊಂದಕ್ಕೆ ಭಾವ ಬಂದರು. ನಾನು ತಯಾರಿ ಮಾಡಿದ್ದ ತಮಾಷೆ ಒಂದೂ ಬಾಯಿಗೆ ಬರಲಿಲ್ಲ. ಅವರೇ ದಾರಿಯುದ್ದಕ್ಕೂ ಎಲ್ಲ ಹೇಳಿದರು, ಈಗ ನಾನು ನಿಮಗೆ ಹೇಳಿದ ಹಾಗೇ. ಬಾವಿ ಹತ್ತಿರ ದನಿ ಇಳಿಸಿದರು.

"ಹಿಂದೆ ತಿರುಗಬೇಡ. ಮಾತಾಡಬೇಡ."

"ಮಾತಾಡಿದ್ರೆ ಏನಾಗುತ್ತೆ ಭಾವ?"

"ಗೊತ್ತಿಲ್ಲ ಕಣೋ. ನಾನು ಮಾತಾಡಿಲ್ಲ."

"ಒಂದು ದಿನಾನೂ?"

"ಭಯ ಆಗುತ್ತೆ... ಹೋಗಿಬಿಟ್ರೆ ಅಂತ."

ಭಾವ ಮುಂದೆ, ನಾನು ಹಿಂದೆ. ನೀರು ಕಲ್ಲಿನ ನೆತ್ತಿ ನೆಕ್ಕುತ್ತಿತ್ತು. ಐದನೇ ಕಲ್ಲು... ಗಟಕ್, ಭಾವ. ಗಟಕ್, ನಾನು. ನಾನು ಎಂಟನೇ ಕಲ್ಲಿನ ಮೇಲಿದ್ದೆ...

ಗಟಕ್.

ನನ್ನ ಹಿಂದೆ. ಮೂರು ಕಲ್ಲು ಹಿಂದೆ.

ನಾನು ತಿರುಗಲಿಲ್ಲ. ಹಲ್ಲು ಕಟಕಟ ಅಂತಿತ್ತು, ಅದನ್ನೂ ಕಚ್ಚಿ ಹಿಡಿದೆ. ಭಾವ ದಡ ಹತ್ತಿದರು. ಟಿಕ್. ನಾನು ಹತ್ತಿದೆ. ಟಿಕ್. ನಾನು ಉಸಿರು ಬಿಡಲಿಲ್ಲ.

...ಟಿಕ್.

ಬೆನ್ನಿಗೆ ಒಂದು ಮಾರು ದೂರದಲ್ಲಿ.

ಭಾವ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮುಖದಲ್ಲಿ ಒಳ್ಳೆ ಎಲೆ ಬಿದ್ದಾಗಿನ ಆ ನಗು. ಮೂರು ತಿಂಗಳಲ್ಲಿ ಮೊದಲ ಸಲ ನೋಡಿದ್ದು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರೋದು ನನ್ನ ಹಣೇಲಿ ಬರೆದಿಲ್ಲ. ಮೂರು ತಿಂಗಳಿಂದ ಎದೆಯಲ್ಲಿ ಕಲ್ಲಿನ ಹಾಗೆ ಕೂತಿದ್ದು ತಾನಾಗೇ ಹೊರಗೆ ಬಂತು.

"ಅಕ್ಕಾ... ಆ ಆಡಿನ ಐಡಿಯಾ ನಂದು. ತಪ್ಪಾಯ್ತು ಕಣೇ."

ಹೊಳೆ ಸದ್ದು. ಅಷ್ಟೇ.

ಆಮೇಲೆ... ಕಿರ್‍ರ್‍ರ್...

ತಿರುಪು ತಿರುಗಿದ ಸದ್ದು. ಎಲ್ಲ ಸೊನ್ನೆಗೆ ಬರೋ ಸದ್ದು.

ಭಾವ ಗಿರ್ರನೆ ತಿರುಗಿದರು. ನಾನೂ. ಹತ್ತೊಂಬತ್ತು ಕಲ್ಲು, ನೀರು. ಯಾರೂ ಇಲ್ಲ. ಭಾವ ಆಚೆ ದಡಕ್ಕೆ ಓಡಿ ವಾಪಸ್ ಬಂದರು. ಟಿಕ್ ಇಲ್ಲ. ಮತ್ತೆ ಹೋದರು, ಬಂದರು. ನಾಲ್ಕು ಸಲ. ಐದನೇ ಸಲ ಹೋಗಲಿಲ್ಲ. ನನ್ನ ಪಕ್ಕ ಬಂದು ಮಣ್ಣಲ್ಲಿ ಕೂತರು. ಹೊಡೀತಾರೆ ಅಂತ ಕೆನ್ನೆ ಕೊಟ್ಟುಕೊಂಡೇ ಕೂತಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಯಾಕೋ ಬಾಯಿ ಬಿಟ್ಟೆ..." ಅಂದರು, ಮೆಲ್ಲಗೆ. "ಇನ್ನೊಂದು ನಾಲ್ಕು ದಿನ ಇರ್ತಿದ್ದಳಲ್ಲೋ."

ಅವತ್ತಿಂದ ಭಾವ ಹನ್ನೊಂದೂವರೆಗೆ ನೆಟ್ಟಗೆ ಮನೆಗೆ ಬರ್ತಾರೆ. ಅಮ್ಮ ಬೀದಿಯವರಿಗೆಲ್ಲ ಹೇಳಿದಳು, ನನ್ನ ಮಗ ಅಳಿಯನ ಜೀವ ಉಳಿಸಿದ ಅಂತ. ನನ್ನನ್ನ ಹೊಗಳಿದ್ದು ಅದೇ ಮೊದಲು. ಭಾವ ಆಮೇಲೆ ಇಸ್ಪೀಟು ಮುಟ್ಟಲಿಲ್ಲ.

ಮುಂದಿನ ಬೇಸಿಗೆಗೆ ಮತ್ತೆ ಎಣಿಸೋಕೆ ಬಂದರು. ಈ ಸಲ ಇಬ್ಬರು ಹುಡುಗರು, ಬೇರೆ ಕಾಲೇಜು, ಬೇರೆ ದೇಶ. ನಮ್ಮ ಮನೆ ವಿಷಯ ಅವರಿಗೆ ಗೊತ್ತಿಲ್ಲ. ಹಗಲು ಒಬ್ಬ, ರಾತ್ರಿ ಒಬ್ಬ, ಏಳು ದಿನ. ಆ ಏಳು ದಿನ ನಾನು ಆಡನ್ನ ಮಂಚದ ಕಾಲಿಗೆ ಕಟ್ಟಿಹಾಕಿದ್ದೆ. ಆಚೆ ಕೆಲಸ ಬಿದ್ದಾಗೆಲ್ಲ ರಸ್ತೆ ಸುತ್ತಿ ಹದಿನೈದು ಕಿಲೋಮೀಟರ್ ನಡೆದೆ. ಕುಳ್ಳನನ್ನೂ ಡುಮ್ಮನನ್ನೂ ಹೊಳೆ ಕಡೆ ತಲೆ ಹಾಕೋಕೆ ಬಿಡಲಿಲ್ಲ.

ಎಂಟನೇ ದಿನ ಆಫೀಸಿನ ಎಂಜಿನಿಯರು ಬಂದು ಭಾವನ ಜಗಲಿ ಮೇಲೆ ಹಾಳೆ ಹರಡಿದರು. ಎಣಿಕೆ ಸಾಕಷ್ಟಿತ್ತು, ಸೇತುವೆ ಆಗುತ್ತೆ ಅಂದರು. ಆಮೇಲೆ ಹುಡುಗರ ಕಡೆ ನೋಡಿ ಗದರಿದರು, "ಇದೇನ್ರಪ್ಪ, ಹೋದವರಿಗೂ ಬಂದವರಿಗೂ ಲೆಕ್ಕ ಕೂಡಲ್ಲ, ದಿನಾ ಒಂದು ತಪ್ಪು?"

ಹುಡುಗರು ತಪ್ಪಿಲ್ಲ ಅಂತ ತಲೆ ಆಡಿಸಿದರು. ಎಂಜಿನಿಯರು ಮತ್ತೆ ಕೂಡಿದರು. ಹಾಗೇ ಬಂತು. "ಹೋಗಲಿ, ಒಂದರಿಂದ ಏನಾಗಬೇಕು," ಅಂತ ಸಹಿ ಹಾಕಿದರು. ಭಾವ ಹಾಳೆ ಮೇಲೆ ಬೆರಳಿಟ್ಟು ಏಳೂ ದಿನದ ಅಂಕಿ ಒಂದೊಂದಾಗಿ ಓದಿದರು.

ಆ ಹಾಳೆ ಈಗಲೂ ಆಫೀಸಿನಲ್ಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಮೊದಲ ದಿನ, ಆಚೆಗೆ ಹೋದವರು ಅರವತ್ತಾರು, ಈಚೆಗೆ ಬಂದವರು ಅರವತ್ತೇಳು. ಎರಡನೇ ದಿನ, ಹೋದವರು ಅರವತ್ತೆರಡು, ಬಂದವರು ಅರವತ್ಮೂರು. ಏಳೂ ದಿನ ಹಾಗೇ. ಬಂದವರು ಒಬ್ಬರು ಜಾಸ್ತಿ.

ನಾನು ಮಾಡಿದ್ದಲ್ಲ. ಆಣೆ ಮಾಡಿ ಹೇಳ್ತೀನಿ, ಆ ಏಳು ದಿನ ನಾನು ಹೊಳೆ ಹತ್ತಿರವೂ ಹೋಗಿಲ್ಲ.