ಕಳಚಿದ ಟ್ರೇಲರಿಗೆ ಕಟ್ಟಿದ್ದ ಎರಡು ಕುದುರೆಗಳ ಬಗ್ಗೆ

ನಾನು, ಕೆಳಗೆ ಸಹಿ ಮಾಡಿರುವ, 62 ವರ್ಷದ ನಿವೃತ್ತ ಗ್ರಂಥಪಾಲಕಿ, ಹಳೆಯ ನೀರಿನ ಟ್ಯಾಂಕಿನ ಹಿಂದಿನ ಅಡ್ಡರಸ್ತೆಯ ಕೊನೆಯ ಮನೆಯ ವಾಸಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಬಳಿ ‘ಬೂದಿ’ ಎಂಬ ಹೆಣ್ಣು ಕುದುರೆ, ನನ್ನ ತಮ್ಮನ ಬಳಿ ‘ಸಾಹೇಬ’ ಎಂಬ ಗಂಡು ಕುದುರೆ ಇವೆ. ಕಳೆದ ಶನಿವಾರ ನಾವಿಬ್ಬರೂ ಅವುಗಳನ್ನು ಟ್ರೇಲರಿನಲ್ಲಿ ಹತ್ತಿಸಿಕೊಂಡು, ತಮ್ಮನ ಜೀಪಿಗೆ ಟ್ರೇಲರ್ ಸಿಕ್ಕಿಸಿ, ಕಾಡಿನಂಚಿನ ಬಿಡಾರದ ಮೈದಾನಕ್ಕೆ ಹೋದೆವು. ರಾತ್ರಿ ಅಲ್ಲೇ ತಂಗಿ ಮರುದಿನ ಸವಾರಿ ಹೋಗುವುದೆಂದು ತೀರ್ಮಾನವಾಗಿತ್ತು. ಮೈದಾನವು ರಸ್ತೆಯ ಕಡೆಗೆ ಇಳಿಜಾರಾಗಿದೆ. ನಾವು ನಿಂತ ಜಾಗದಿಂದ ರಸ್ತೆಗೆ ಸುಮಾರು 35 ಮೀಟರ್. ರಸ್ತೆ ಅಲ್ಲಿಯೇ ತಿರುವು ತೆಗೆದುಕೊಳ್ಳುತ್ತದೆ. ಆ ತಿರುವಿಗೆ ಎಚ್ಚರಿಕೆಯ ಫಲಕ ಬೇಕೆಂದು ನಾನು ಸಂಬಂಧಪಟ್ಟ ಇಲಾಖೆಗೆ ಹಿಂದೆ ಎರಡು ಸಲ ಬರೆದಿದ್ದೇನೆ. ಈಗಲೂ ಫಲಕವಿಲ್ಲ.

ಸಂಜೆ ಐದರ ಹೊತ್ತಿಗೆ ಎರಡೂ ಕುದುರೆಗಳನ್ನು ಟ್ರೇಲರಿನ ಎಡಪಕ್ಕದ ಕಬ್ಬಿಣದ ಬಳೆಗಳಿಗೆ ನಾನೇ ಕಟ್ಟಿದೆ. ಒಂದನ್ನೊಂದು ಒದೆಯದಂತೆ ನಡುವೆ ಜಾಗ ಬಿಟ್ಟಿದ್ದೆ. ಹಗ್ಗದಲ್ಲಿ ಕಾಲು ಸಿಕ್ಕಿಕೊಳ್ಳದಂತೆ ಅದನ್ನು ಗಿಡ್ಡವಾಗಿ, ಕುದುರೆಯ ಹೆಗಲಿಗಿಂತ ಎತ್ತರದಲ್ಲಿ ಕಟ್ಟಿದೆ. ಹಾಕಿದ್ದು ತುದಿ ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವ ಗಂಟು. ಒಣಹುಲ್ಲು ತುಂಬಿದ ಬಲೆಗಳನ್ನು ಅವುಗಳ ಮುಖದ ಮಟ್ಟಕ್ಕೆ ನೇತುಹಾಕಿದೆ. ಆಗ ಟ್ರೇಲರ್ ಜೀಪಿಗೆ ಸಿಕ್ಕಿಸಿಯೇ ಇತ್ತು. ಜೀಪಿನ ಬ್ರೇಕ್ ಹಾಕಿದ್ದನ್ನು ನಾನು ನೋಡಿದ್ದೇನೆ. ಕುದುರೆ ಕಟ್ಟಿದ ಮೇಲೆ ಜೀಪನ್ನು ಕಳಚಬಾರದೆಂದು ತಮ್ಮನಿಗೆ ಹೇಳಿದೆ. ಅವನು, ಅಯ್ಯೋ ಅಕ್ಕಾ, ಶುರು ಮಾಡಿದ್ಯಾ, ನಿವೃತ್ತಿ ಆಗಿ ನಾಲ್ಕು ವರ್ಷ ಆಯ್ತು, ಈಗಲೂ ಎಲ್ಲರಿಗೂ ‘ಸದ್ದು ಮಾಡ್ಬೇಡಿ’ ಅಂತೀಯ ಎಂದು ನಕ್ಕ. ಹನ್ನೊಂದು ವರ್ಷದ ಹಿಂದೆ ಬೇರೊಂದು ಮೈದಾನದಲ್ಲೂ ಅವನು ಹೀಗೆಯೇ ಜೀಪು ಕಳಚಿಕೊಂಡು ಹೋಗಿದ್ದ. ನೆಲ ಸಮತಟ್ಟಾಗಿದ್ದರಿಂದ ಅಂದು ಏನೂ ಆಗಲಿಲ್ಲ. ನಾನು ಬೈದಾಗ ಅವನು ಹೇಳಿದ್ದು ಒಂದೇ ಮಾತು: ಏನೂ ಆಗ್ಲಿಲ್ವಲ್ಲ.

ನಾನು ಬಕೆಟ್ ಹಿಡಿದು ಸ್ನಾನದ ಕೋಣೆಗಳ ಹಿಂದಿನ ನಲ್ಲಿಗೆ ಹೋದೆ. ನೀರು ಸಣ್ಣಗೆ ಬರುತ್ತಿತ್ತು. ಎರಡು ಬಕೆಟ್ ತುಂಬಿಸಿಕೊಂಡು ಬರುವಷ್ಟರಲ್ಲಿ ಜೀಪು ಇರಲಿಲ್ಲ. ಐಸ್ ತರಲು ಹೋಗಿದ್ದನೆಂದು ಆಮೇಲೆ ತಿಳಿಯಿತು. ಟ್ರೇಲರ್ ತನ್ನ ಮೂತಿಯ ಕೆಳಗಿನ ಸಣ್ಣ ಚಕ್ರದ ಮೇಲೆ ನಿಂತಿತ್ತು. ದೊಡ್ಡ ಚಕ್ರಗಳಿಗೆ ಒಂದು ಕಲ್ಲನ್ನೂ ಅಡ್ಡ ಕೊಟ್ಟಿರಲಿಲ್ಲ. ಆಗಲೇ ಬೂದಿ ಟ್ರೇಲರಿಗೆ ಕುತ್ತಿಗೆ ಉಜ್ಜುತ್ತಿದ್ದಳು. ಮೇವು ತಿನ್ನುತ್ತ ನಡುನಡುವೆ ಹಾಗೆ ಉಜ್ಜುವುದು ಅವಳ ರೂಢಿ. ಟ್ರೇಲರ್ ಅಲುಗಿತು. ಬೆಚ್ಚಿ ಅವಳು ಹಿಂದಕ್ಕೆ ಜಗ್ಗಿದಳು. ಜಗ್ಗಿದಷ್ಟೂ ಅದು ಅವಳ ಮೇಲೆಯೇ ಬಂತು. ಕಟ್ಟಿದ ವಸ್ತುವೇ ಬೆನ್ನಟ್ಟಿ ಬಂದರೆ ಕುದುರೆ ಏನು ಮಾಡಬೇಕು?

ನಾನು ಬಕೆಟ್ ಬಿಟ್ಟು ಓಡಿ ಬೂದಿಯ ಹಗ್ಗದ ತುದಿ ಎಳೆದೆ. ಅವಳು ಬಿಡಿಸಿಕೊಂಡು ಮೇಲಕ್ಕೆ ಓಡಿದಳು. ಸಾಹೇಬನನ್ನು ಮುಟ್ಟುವ ಮೊದಲೇ ಟ್ರೇಲರ್ ಅವನನ್ನು ಎಳೆದುಕೊಂಡು ಇಳಿಜಾರಿನಲ್ಲಿ ಉರುಳಿತು. ಬೂದಿಯ ಬಲೆ ಹರಿದು, ದಾರಿಯುದ್ದಕ್ಕೂ ಹುಲ್ಲು ಚೆಲ್ಲುತ್ತ ಹೋಯಿತು. ರಸ್ತೆಯ ಅರ್ಧ ಭಾಗಕ್ಕೆ ಅಡ್ಡವಾಗಿ ಟ್ರೇಲರ್ ನಿಂತಿತು. ಸಾಹೇಬ ಮುಂಗಾಲು ಮಡಚಿ ಬಿದ್ದಿದ್ದ. ನಾನು ಅವನ ಗಂಟು ಬಿಚ್ಚುತ್ತಿದ್ದಾಗ ತಿರುವಿನಿಂದ ಹಾಲಿನ ವ್ಯಾನ್ ಬಂತು. ಅದು ವೇಗವಾಗಿ ಬರುತ್ತಿರಲಿಲ್ಲ. ಹಾರ್ನ್ ಮಾಡಲೂ ಚಾಲಕನಿಗೆ ಸಮಯವಿರಲಿಲ್ಲ. ಅವನು ನನ್ನನ್ನು ಕಂಡ. ನಾನು ಅವನ ಮುಖ ಕಂಡೆ. ಅವನು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ವ್ಯಾನನ್ನು ಚರಂಡಿಗೆ ಇಳಿಸಿದ. ಮುಂಭಾಗ ಮೋರಿಯ ಕಟ್ಟೆಗೆ ಬಡಿದು ದೀಪಗಳು ಒಡೆದವು.

ಬಿಡಾರದ ವ್ಯವಸ್ಥಾಪಕರು ಒಳಗಿನ ಕಚೇರಿಯಿಂದ ಸದ್ದು ಕೇಳಿ ಬಂದರು. ಅವರ ಕಾರಿನಲ್ಲೇ ಚಾಲಕನನ್ನು ಆಸ್ಪತ್ರೆಗೆ ಸಾಗಿಸಿದೆವು. ಹೊರಡುವಾಗ ತಮ್ಮ ಬಂದಿದ್ದ. ಕಾರಿನ ಹಿಂದಿನ ಗಾಜಿನಿಂದ ನೋಡಿದಾಗ, ಅವನು ಕೈಕುಂಟೆ ಹಿಡಿದು ರಸ್ತೆಯ ಮೇಲಿನ ಹುಲ್ಲು ಎಳೆಯುತ್ತಿದ್ದ. ಹುಟ್ಟಿದಾಗಿನಿಂದ ಅವನು ಪೊರಕೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ಬೇರೆ ವಾಹನಗಳು ಜಾರಬಾರದೆಂದು ತೆಗೆಯುತ್ತಿದ್ದಾನೆ, ಕೊನೆಗೂ ಬುದ್ಧಿ ಬಂತು ಎಂದುಕೊಂಡೆ.

ಕಾರಿನಲ್ಲಿ ಚಾಲಕ ಮೊದಲು ಕೇಳಿದ್ದು ಕುದುರೆಯ ಬಗ್ಗೆ. ಮೇಡಂ, ಅದಕ್ಕೇನೂ ಆಗ್ಲಿಲ್ಲ ತಾನೆ ಎಂದ. ಮಂಡಿ ತರಚಿದೆ ಅಷ್ಟೇ ಎಂದೆ. ಬಿಡಿ ಹಾಗಾದ್ರೆ, ಹಾಲೆಲ್ಲ ಚರಂಡಿಗೆ ಹೋಯ್ತು, ನಾಳೆ ನಮ್ಮ ಧಣಿಗಳು ಹಾಲಿಲ್ಲದ ಚಹಾ ಕುಡಿದು ನನ್ನನ್ನ ನೆನೆಸ್ಕೋತಾರೆ ಎಂದು ನಗಲು ಹೋಗಿ ನೋವಿಗೆ ನಿಲ್ಲಿಸಿದ. ಅವನ ಹೆಗಲಿನ ಮೂಳೆ ಮುರಿದಿದೆ.

ನಾನು ಮೈದಾನಕ್ಕೆ ಮರಳುವಷ್ಟರಲ್ಲಿ ಪೊಲೀಸರು ಬಂದು, ಹೊರಡುವ ಹಂತದಲ್ಲಿದ್ದರು. ಟ್ರೇಲರ್ ಮೊದಲಿನ ಜಾಗದಲ್ಲಿ, ಜೀಪಿಗೆ ಸಿಕ್ಕಿಸಿದ ಸ್ಥಿತಿಯಲ್ಲಿತ್ತು. ನಾನು ಮಾತಾಡಲು ಹೋದಾಗ ಒಬ್ಬರು, ನಿಮ್ಮ ತಮ್ಮ ಎಲ್ಲಾ ಹೇಳಿದ್ದಾರಮ್ಮ, ನೀವು ಸುಸ್ತಾಗಿದ್ದೀರಿ, ಕೂತ್ಕೊಳ್ಳಿ ಎಂದರು. ನಾನು ಸುಸ್ತಾಗಿರಲಿಲ್ಲ. ಕೂತುಕೊಳ್ಳಲೂ ಇಲ್ಲ.

ಭಾನುವಾರ ಮನೆಯಲ್ಲಿ ಕುದುರೆಗಳಿಗೆ ಮೇವು ಹಾಕಲು ಟ್ರೇಲರಿನಲ್ಲಿದ್ದ ತುಂಬಿದ ಬಲೆಯನ್ನು ತೆಗೆದೆ. ಹುಲ್ಲನ್ನು ಹಾಳೆಯ ಮೇಲೆ ಕೊಡವಿ ನೋಡದೆ ನಾನು ಎಂದೂ ಹಾಕುವುದಿಲ್ಲ. ಕೊಡವಿದಾಗ ರಸ್ತೆಯ ಜಲ್ಲಿಯೂ ಕಿತ್ತಳೆ ಬಣ್ಣದ ದೀಪದ ಗಾಜಿನ ಚೂರುಗಳೂ ಉದುರಿದವು. ಒಂದು ಚೂರು ಬೂದಿಯ ಹೊಟ್ಟೆಗೆ ಹೋಗಿದ್ದರೂ ಅವಳ ಪ್ರಾಣಕ್ಕೆ ಸಾಕಾಗುತ್ತಿತ್ತು. ತಮ್ಮನನ್ನು ಕರೆದು ಕೇಳಿದೆ. ಹುಲ್ಲನ್ನ ಯಾಕೆ ದಂಡ ಮಾಡೋದು ಅಂತ ತುಂಬಿಟ್ಟೆ ಎಂದ. ಟ್ರೇಲರ್ ಕದಲಲೇ ಇಲ್ಲ, ವ್ಯಾನಿನವನು ಅತಿವೇಗವಾಗಿ ಹಾರ್ನ್ ಹೊಡೆಯುತ್ತ ಬಂದ, ಸಾಹೇಬ ಬೆದರಿ ಹಗ್ಗ ಕಿತ್ತುಕೊಂಡು ರಸ್ತೆಗೆ ಹೋದ ಎಂದು ಹೇಳಿಕೆ ಕೊಟ್ಟಿರುವುದನ್ನು ಆಗ ಒಪ್ಪಿಕೊಂಡ. ಚಾಲಕನ ಲೈಸೆನ್ಸ್ ಠಾಣೆಯಲ್ಲಿದೆ, ಕೆಲಸ ಹೋಗುತ್ತದೆ ಎಂದು ತಮ್ಮನಿಂದಲೇ ತಿಳಿಯಿತು. ಆ ವ್ಯಾನಿನವನು ಯಾರೋ ದಾರಿಹೋಕ, ನಾನು ನಿನ್ನ ಒಡಹುಟ್ಟಿದವನು ಎಂದ. ಆ ದಾರಿಹೋಕ ಗಾಡಿ ತಿರುಗಿಸದಿದ್ದರೆ ನಿನಗೆ ಒಡಹುಟ್ಟಿದವಳೇ ಇರ್ತಿರ್ಲಿಲ್ಲ ಕಣೋ ಎಂದೆ.

ಆ ಬಲೆಯನ್ನೂ ಹುಲ್ಲನ್ನೂ ಗಾಜಿನ ಚೂರುಗಳನ್ನೂ ಇದರೊಂದಿಗೆ ಒಪ್ಪಿಸಿದ್ದೇನೆ. ಟ್ರೇಲರ್ ಕದಲಿರದಿದ್ದರೆ ನಮ್ಮ ಹುಲ್ಲಿಗೆ ಆ ವ್ಯಾನಿನ ಗಾಜು ಸೇರುತ್ತಿರಲಿಲ್ಲ. ಸಾಹೇಬನ ಹಗ್ಗವನ್ನೂ ತಂದಿದ್ದೇನೆ. ಅದು ಎಲ್ಲಿಯೂ ಹರಿದಿಲ್ಲ. ಚಾಲಕನ ಮೇಲಿನ ಆರೋಪ ಕೈಬಿಟ್ಟು ಅವನ ಲೈಸೆನ್ಸ್ ಹಿಂದಿರುಗಿಸಬೇಕೆಂದು ಕೋರುತ್ತೇನೆ.

ನನಗೆ ವಾಹನ ಓಡಿಸಲು ಬಾರದು. ಇಲ್ಲಿಗೆ ನನ್ನನ್ನು ಕರೆತಂದವನು ತಮ್ಮನೇ. ಬರುವ ದಾರಿಯಲ್ಲಿ, ಏನು ಹೇಳ್ತೀಯ ಎಂದು ಅವನು ಕೇಳಲಿಲ್ಲ. ಬಲೆಯ ಚೀಲವನ್ನು ಜೀಪಿನಿಂದ ಇಳಿಸಿಕೊಟ್ಟವನೂ ಅವನೇ. ಈಗ ಹೊರಗೆ ಜೀಪಿನಲ್ಲಿ ಕುಳಿತಿದ್ದಾನೆ. ಅವನನ್ನು ಒಳಗೆ ಕರೆದು ವಿಚಾರಿಸುವುದಾದರೆ ಅವನ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿಸಬೇಕು.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದರು. ಬಳಿಕ ನಾನೇ ಇನ್ನೊಮ್ಮೆ ಓದಿಕೊಂಡೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆ, ಮುಂಭಾಗದ ಕೋಣೆ
ದಿನಾಂಕ: ಸೋಮವಾರ, ಘಟನೆಯ ಮೂರನೆಯ ದಿನ

(ಸಹಿ)
ಹೇಳಿಕೆ ನೀಡಿದವರು